ಗಡಿ ದಾಟುವ ಸುದ್ದಿ: ಯುರೋಪಿನ ಸ್ವತಂತ್ರ ಪತ್ರಕರ್ತರು ಸೇರಿ ತನಿಖೆ ಮಾಡುವ ಬಗೆ, ಹೆಜ್ಜೆ ಹೆಜ್ಜೆಯಾಗಿ

2018ರ ಫೆಬ್ರವರಿ 21ರಂದು ಸ್ಲೊವಾಕಿಯಾದ ವೆಲ್ಕಾ ಮಾಚಾ ಎಂಬ ಊರಿನಲ್ಲಿ ಯಾನ್ ಕುತ್ಸಿಯಾಕ್ ಎಂಬ ಪತ್ರಕರ್ತರನ್ನೂ ಅವರನ್ನು ಮದುವೆಯಾಗಬೇಕಿದ್ದ ಮಾರ್ತಿನಾ ಕುಶ್ನಿರೋವಾ ಅವರನ್ನೂ ಮನೆಯೊಳಗೇ ಗುಂಡಿಟ್ಟು ಕೊಂದರು. ಇಬ್ಬರಿಗೂ 27 ವರ್ಷ. ಇಟಲಿಯ ಎನ್‌ದ್ರಂಗೆಟಾ ಮಾಫಿಯಾದವರು ಪೂರ್ವ ಸ್ಲೊವಾಕಿಯಾದಲ್ಲಿ ಹೊಲ ಹಿಡಿದು, ಕಂಪನಿ ತೆರೆದು, ಯುರೋಪಿನ ಕೃಷಿ ಸಬ್ಸಿಡಿಗೆ ಕೈ ಹಾಕಿದ್ದರ ಬಗ್ಗೆ ಕುತ್ಸಿಯಾಕ್ ಬರೆಯುತ್ತಿದ್ದರು. ವರದಿ ಇನ್ನೂ ಮುಗಿದಿರಲಿಲ್ಲ.

ಆದರೆ ಅದು ಅವರೊಬ್ಬರ ಕಂಪ್ಯೂಟರಿನಲ್ಲಿ ಮಾತ್ರ ಇರಲಿಲ್ಲ. ಚೆಕ್ ದೇಶದ ಇನ್ವೆಸ್ಟಿಗಾಸೆ, ಇಟಲಿಯ ಇರ್ಪಿ ಎಂಬ ತನಿಖಾ ತಂಡಗಳು, ಹಲವು ದೇಶಗಳ ತನಿಖಾ ಪತ್ರಕರ್ತರ ಜಾಲವಾದ ಓಸಿಸಿಆರ್‌ಪಿ, ಇವರೆಲ್ಲ ಜೊತೆಗಿದ್ದರು. ಶವ ಸಿಕ್ಕ ಕೆಲವೇ ದಿನಗಳಲ್ಲಿ, ಅರ್ಧ ಬರೆದಿದ್ದ ಆ ವರದಿಯನ್ನು ಅವರು ಕೆಲಸ ಮಾಡುತ್ತಿದ್ದ ಸುದ್ದಿತಾಣ ಅಕ್ತುಆಲಿತಿ ಮತ್ತು ಈ ಜೊತೆಗಾರರು ಹಲವು ದೇಶಗಳಲ್ಲಿ ಪ್ರಕಟಿಸಿದರು. ಸ್ಲೊವಾಕಿಯಾದ ಜನ ಬೀದಿಗಿಳಿದರು. ಮಾರ್ಚ್ ಮಧ್ಯದ ಹೊತ್ತಿಗೆ ಪ್ರಧಾನಿ ರಾಬರ್ಟ್ ಫಿತ್ಸೊ ರಾಜೀನಾಮೆ ಕೊಟ್ಟರು. ಕೊಲೆಯ ತನಿಖೆ ಮುಂದೆ ಬೇರೆ ದಿಕ್ಕಿಗೆ ಹೋಯಿತು, ಅದು ಬೇರೆ ಕತೆ. ಆದರೆ ಬರೆಯುತ್ತಿದ್ದವರನ್ನು ಕೊಂದರೂ ಬರಹ ಉಳಿಯಿತು.

ನಾನು ಜರ್ಮನಿಯಲ್ಲಿದ್ದು ಸ್ವತಂತ್ರವಾಗಿ ವರದಿ ಮಾಡುವವನು. ನನ್ನ ಹಿಂದೆ ದೊಡ್ಡ ಪತ್ರಿಕೆ ಇಲ್ಲ, ವಕೀಲರ ದಂಡಿಲ್ಲ. ನನ್ನಂಥವರಿಗೆ ಜೊತೆಗಾರರೇ ಆಸರೆ. ಯುರೋಪಿನಲ್ಲಿರುವ ಕನ್ನಡದ ಪತ್ರಕರ್ತರಿಗೆ, ಪತ್ರಿಕೋದ್ಯಮ ಓದುತ್ತಿರುವ ಮಕ್ಕಳಿಗೆ, ಊರಲ್ಲೇ ಕೂತು ಇಂಥ ತಂಡ ಕಟ್ಟಬೇಕು ಅನ್ನುವವರಿಗೆ ಉಪಯೋಗವಾಗಲಿ ಅಂತ ನಾನು ಕಂಡದ್ದನ್ನು, ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಈ ಸುದ್ದಿಗೆ ನಿಜವಾಗಿಯೂ ಗಡಿ ದಾಟುವ ಅಗತ್ಯ ಇದೆಯಾ?

ಮೊದಲು ಇದನ್ನೇ ಕೇಳಿಕೊಳ್ಳಿ. ಸುಮ್ನೆ ನಾಲ್ಕು ದೇಶದ ಹೆಸರು ಸೇರಿಸಿದರೆ ವರದಿ ದೊಡ್ಡದಾಗುವುದಿಲ್ಲ. ದುಡ್ಡು, ಸರಕು, ಜನ, ವಿಷ, ಇವುಗಳಲ್ಲಿ ಏನಾದರೂ ಒಂದು ಗಡಿ ದಾಟಿರಬೇಕು. ಅಥವಾ ಒಂದೇ ಕಾನೂನು ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಥರ ನಡೆಯುತ್ತಿರಬೇಕು.

2018ರ ಅಕ್ಟೋಬರ್‌ನಲ್ಲಿ ಜರ್ಮನಿಯ ಕರೆಕ್ಟಿವ್ ಎಂಬ ತನಿಖಾ ಸಂಸ್ಥೆ ಮುಂದೆ ನಿಂತು ಹೊರತಂದ ಕಮ್‌ಎಕ್ಸ್ ತನಿಖೆ ನೋಡಿ. ಷೇರು ಡಿವಿಡೆಂಡಿನ ಮೇಲೆ ಕಟ್ಟದೇ ಇದ್ದ ತೆರಿಗೆಯನ್ನೂ ವಾಪಸ್ ಪಡೆಯುವ ಆಟ ಅದು. ಜರ್ಮನಿಯಲ್ಲಿ ಗೊತ್ತಾಗಿದ್ದ ವಿಷಯವೇ. 12 ದೇಶಗಳ 19 ಮಾಧ್ಯಮಗಳು ಸೇರಿದಾಗ ಅದೇ ಆಟವನ್ನು ಬೇರೆ ಖಜಾನೆಗಳ ಮೇಲೂ ಆಡಿದ್ದಾರೆ ಅಂತ ತಿಳಿಯಿತು. ಒಟ್ಟು ನಷ್ಟ ಸುಮಾರು 55 ಬಿಲಿಯನ್ ಯೂರೋ ಅಂತ ಅವರು ಲೆಕ್ಕ ಹಾಕಿದರು. ಒಂದೊಂದು ದೇಶದಲ್ಲಿ ಕೂತವರಿಗೆ ತಮ್ಮ ಮನೆಯ ಕಳ್ಳತನ ಮಾತ್ರ ಕಾಣುತ್ತಿತ್ತು. ಇಡೀ ಬೀದಿ ಕಂಡದ್ದು ಸೇರಿ ನೋಡಿದಾಗಲೇ.

ನಮ್ಮ ತಂಡದ್ದು ಇದರ ಮುಂದೆ ತೀರಾ ಚಿಕ್ಕ ಕೆಲಸ. ಜರ್ಮನಿಯಲ್ಲಿ ಏಪ್ರಿಲ್‌ನಿಂದ ಜೂನ್ 24ರವರೆಗೆ ಆಸ್ಪರಾಗಸ್ ಸೀಸನ್. ಬಿಳಿ ದಂಟನ್ನು ಮಣ್ಣೊಳಗಿಂದ ಬಗ್ಗಿ ಕುಯ್ಯುವವರು ಬಹಳಷ್ಟು ಜನ ರೊಮೇನಿಯಾದಿಂದ ಬಂದವರು. ಹೊಲ ಇಲ್ಲಿ, ಕರೆತರುವ ಏಜೆಂಟ್ ಅಲ್ಲಿ, ದಂಟು ಮಾರಾಟವಾಗುವ ಅಂಗಡಿ ಇನ್ನೊಂದು ಕಡೆ. ಒಬ್ಬರೇ ಬರೆದರೆ ಯಾವುದಾದರೂ ಒಂದು ತುದಿ ಬಿಟ್ಟೇ ಹೋಗುತ್ತದೆ. ಹಾಗಾಗಿ ಮೂವರು ಸೇರಿದೆವು.

2. ಜೊತೆಗಾರರನ್ನು ಹುಡುಕುವುದು

ಈಮೇಲ್ ಕಳಿಸಿ ಕಾಯುವುದಕ್ಕಿಂತ ಮುಖ ನೋಡಿ ಮಾತಾಡುವುದು ಮೇಲು. ಬೆಲ್ಜಿಯಂನ ಮೆಖಲೆನ್ ಊರಿನಲ್ಲಿ ಡೇಟಾಹಾರ್ವೆಸ್ಟ್ ಎಂಬ ಸಮ್ಮೇಳನ ನಡೆಯುತ್ತದೆ. ಅರೀನಾ ಫಾರ್ ಜರ್ನಲಿಸಂ ಇನ್ ಯುರೋಪ್ ಎಂಬ ಸಂಸ್ಥೆ ನಡೆಸುವುದು. ಅಲ್ಲಿ ಭಾಷಣಕ್ಕಿಂತ ಕಾಫಿ ಹೊತ್ತಿನ ಮಾತೇ ಮುಖ್ಯ. ಯುರೋಪಿನ ಎಷ್ಟೋ ತಂಡಗಳು ಅಲ್ಲಿನ ಮೇಜಿನ ಸುತ್ತ ಹುಟ್ಟಿವೆ. ನನ್ನ ರೊಮೇನಿಯಾದ ಗೆಳತಿ ಸಿಕ್ಕಿದ್ದೂ ಇಂಥದ್ದೇ ಒಂದು ಮೇಜಿನಲ್ಲಿ.

ಅಲ್ಲಿಗೆ ಹೋಗಲು ಆಗದಿದ್ದರೆ ಇನ್ನೊಂದು ದಾರಿ ಇದೆ. ನಿಮ್ಮ ವಿಷಯದ ಬಗ್ಗೆ ಆ ದೇಶದಲ್ಲಿ ಈಗಾಗಲೇ ಯಾರು ಬರೆದಿದ್ದಾರೆ ನೋಡಿ. ಯಂತ್ರದಿಂದ ಅನುವಾದ ಮಾಡಿಸಿಯಾದರೂ ಅವರ ಹಿಂದಿನ ಐದಾರು ವರದಿ ಓದಿ. ತಪ್ಪು ತಿದ್ದಿದ್ದಾರಾ, ಇನ್ನೊಬ್ಬರ ಕೆಲಸಕ್ಕೆ ಹೆಸರು ಕೊಟ್ಟಿದ್ದಾರಾ ಗಮನಿಸಿ. ಆಮೇಲೆ ಬರೆಯಿರಿ. ಮೊದಲ ಪತ್ರದಲ್ಲಿ ಇಡೀ ಗುಟ್ಟು ಬಿಚ್ಚಬೇಡಿ. ಮೊದಲು ಒಂದು ಚಿಕ್ಕ ಕೆಲಸ ಜೊತೆಗೆ ಮಾಡಿ: ಒಂದು ಕಂಪನಿಯ ದಾಖಲೆ ತೆಗೆಸುವುದು, ಒಂದು ವಿಳಾಸ ಹೋಗಿ ನೋಡಿ ಬರುವುದು. ಹೇಳಿದ ದಿನಕ್ಕೆ ಮಾಡಿದರಾ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರಾ? ಅಷ್ಟು ಸಾಕು, ಮನುಷ್ಯ ಗೊತ್ತಾಗುತ್ತದೆ.

ತಂಡಗಳು ಬೇರೆ ಬೇರೆ ರೂಪದಲ್ಲಿವೆ. 2016ರಲ್ಲಿ ಶುರುವಾದ ಇನ್ವೆಸ್ಟಿಗೇಟ್ ಯುರೋಪ್‌ನಲ್ಲಿ ಹಲವು ದೇಶಗಳ ಪತ್ರಕರ್ತರು ಒಂದೇ ತಂಡವಾಗಿ ಕೆಲಸ ಮಾಡಿ, ಅವರವರ ದೇಶದ ಪತ್ರಿಕೆಗಳಿಗೆ ವರದಿ ಕೊಡುತ್ತಾರೆ. ನೆದರ್ಲೆಂಡ್ಸ್‌ನ ಲೈಟ್‌ಹೌಸ್ ರಿಪೋರ್ಟ್ಸ್ ಒಂದೊಂದು ತನಿಖೆಗೂ ಹೊಸದಾಗಿ ಮಾಧ್ಯಮಗಳನ್ನು ಸೇರಿಸುತ್ತದೆ. ಒಬ್ಬೊಬ್ಬರೇ ಇರುವ ನಮ್ಮಂಥವರಿಗೆ ಮೂರರಿಂದ ಐದು ಜನ ಸಾಕು. ಜಾಸ್ತಿಯಾದರೆ ಮಾತಾಡುವುದರಲ್ಲೇ ದಿನ ಹೋಗುತ್ತದೆ.

3. ಮಾತನ್ನು ಕಾಗದಕ್ಕೆ ಇಳಿಸುವುದು

ಈ ಹೆಜ್ಜೆಯಲ್ಲಿ ನಿಧಾನವಾಗಿ ನಿಲ್ಲಿ. ಯಾಕೆಂದರೆ ನಾನು ನೋಡಿದ ಮಟ್ಟಿಗೆ ಮುರಿದುಬಿದ್ದ ತಂಡಗಳೆಲ್ಲ ಮುರಿದದ್ದು ಇಲ್ಲೇ. ಸಾಕ್ಷಿ ಸಿಗದೇ ಯಾವ ತಂಡವೂ ಮುರಿಯಲಿಲ್ಲ. 'ನಾವು ಸ್ನೇಹಿತರಲ್ವಾ, ಬರೆದುಕೊಳ್ಳುವುದೇನಿದೆ' ಅಂದುಕೊಂಡೇ ಮುರಿದವು.

ನಮ್ಮ ಮೊದಲ ಕೆಲಸದಲ್ಲಿ ನಾವೂ ಹಾಗೇ ಅಂದುಕೊಂಡೆವು. ಪ್ರಕಟಣೆಯ ದಿನ ಗೊತ್ತು ಮಾಡಿದ್ದೆವು, ಗಂಟೆ ಗೊತ್ತು ಮಾಡಿರಲಿಲ್ಲ. ಒಂದು ದೇಶದ ಪತ್ರಿಕೆಯವರು ಹಿಂದಿನ ರಾತ್ರಿಯೇ ತಮ್ಮ ತಾಣದಲ್ಲಿ ವರದಿ ಹಾಕಿಬಿಟ್ಟರು. ಮಾರನೆಯ ದಿನದ ಮುದ್ರಿತ ಸಂಚಿಕೆಯ ವರದಿಗಳನ್ನು ಹಿಂದಿನ ರಾತ್ರಿಯೇ ತಾಣಕ್ಕೆ ಏರಿಸುವುದು ಅವರ ರೂಢಿ. ಅವರ ಪ್ರಕಾರ ಅದು ತಪ್ಪೇ ಅಲ್ಲ. ಬೆಳಗಾಗುವಷ್ಟರಲ್ಲಿ ನನ್ನ ಕಡೆಯ ಸಂಪಾದಕರು 'ಇದು ಹಳೇ ಸುದ್ದಿ' ಅಂದು ಒಳಪುಟಕ್ಕೆ ತಳ್ಳಿದರು. ನಾಲ್ಕು ತಿಂಗಳ ಕೆಲಸ. ಆವತ್ತು ಯಾರ ಮೇಲೆ ಸಿಟ್ಟು ಮಾಡಬೇಕು ಅಂತಲೂ ತಿಳಿಯಲಿಲ್ಲ.

ಈಗ ಎರಡು ಪುಟದ ಒಪ್ಪಂದ ಬರೆಯುತ್ತೇವೆ. ವಕೀಲರ ಭಾಷೆ ಬೇಡ, ಮೂವರಿಗೂ ಅರ್ಥವಾಗುವ ಭಾಷೆ ಸಾಕು. ಅದರಲ್ಲಿ ಇಷ್ಟು ಇರಲೇಬೇಕು:

- ಪ್ರಕಟಣೆಯ ದಿನ, ಗಂಟೆ, ಮತ್ತು ಯಾವ ದೇಶದ ಗಂಟೆ. ಬರ್ಲಿನ್‌ನಲ್ಲಿ 6 ಆದಾಗ ಬುಖಾರೆಸ್ಟ್‌ನಲ್ಲಿ 7, ಲಂಡನ್‌ನಲ್ಲಿ 5.
- ಯಾರ ಕೈಗೆ ಸಿಕ್ಕ ದಾಖಲೆಯನ್ನು ಯಾರು ಬಳಸಬಹುದು, ತಂಡದ ಹೊರಗಿನ ಯಾರಿಗೆ ತೋರಿಸಬಹುದು. ಸಂಪಾದಕರಿಗೆ ಯಾವಾಗ ಹೇಳಬಹುದು ಅನ್ನುವುದೂ ಸೇರಿ.
- ಹೆಸರು ಯಾವ ಸಾಲಿನಲ್ಲಿ, ಯಾವ ಕ್ರಮದಲ್ಲಿ. ಅನುವಾದ ಮಾಡಿದವರ, ಸ್ಥಳದಲ್ಲಿ ದಾರಿ ತೋರಿಸಿದವರ ಹೆಸರೂ ಬರಬೇಕಾ?
- ಒಬ್ಬರು ಮಧ್ಯದಲ್ಲಿ ಬಿಟ್ಟರೆ ಅವರ ಸಾಮಗ್ರಿ ಏನಾಗುತ್ತದೆ.
- ತಪ್ಪು ಕಂಡರೆ ಎಷ್ಟು ಗಂಟೆಯೊಳಗೆ ಎಲ್ಲರಿಗೂ ತಿಳಿಸಬೇಕು, ಯಾರು ತಿದ್ದುತ್ತಾರೆ.
- ಒಮ್ಮತ ಬಾರದಿದ್ದಾಗ ಕೊನೆಯ ಮಾತು ಯಾರದು.

ಕೊನೆಯದನ್ನು ಬರೆಯಲು ಎಲ್ಲರಿಗೂ ಸಂಕೋಚ. ಆದರೂ ಬರೆಯಿರಿ. ಸಂಯೋಜಕರು ಅಂತ ಒಬ್ಬರು ಇರಲೇಬೇಕು. ವಾರಕ್ಕೊಮ್ಮೆ ಕರೆ ಮಾಡಿ ಸೇರಿಸುವುದು, ಯಾರು ಏನು ಮಾಡಬೇಕಿತ್ತು ಅಂತ ನೆನಪಿಸುವುದು, ಜಗಳ ಬಿಡಿಸುವುದು, ಇಷ್ಟೇ ಅವರ ಕೆಲಸ. ಅವರು ತಾವು ಕಡಿಮೆ ಬರೆಯುತ್ತಾರೆ. ಆ ಕೆಲಸಕ್ಕೆ ದುಡ್ಡೂ ಕೊಡಬೇಕು, ಹೆಸರೂ ಕೊಡಬೇಕು. ಮನೆಗೆಲಸದ ಹಾಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

4. ದುಡ್ಡು

ಎರಡು ಬಾಗಿಲು ಮೊದಲು ತಟ್ಟಿ. ಒಂದು, ಬ್ರಸೆಲ್ಸ್‌ನ ಜರ್ನಲಿಸಂಫಂಡ್ ಯುರೋಪ್. 1998ರಲ್ಲಿ ಪಾಸ್ಕಲ್ ಡೆಕ್ರೋಸ್ ಎಂಬ ಫ್ಲೆಮಿಶ್ ಪತ್ರಕರ್ತರ ನೆನಪಿನ ನಿಧಿಯಾಗಿ ಶುರುವಾದದ್ದು. ಇನ್ನೊಂದು, ಐಜೆ4ಇಯು. ವಿಯೆನ್ನಾದ ಇಂಟರ್‌ನ್ಯಾಷನಲ್ ಪ್ರೆಸ್ ಇನ್‌ಸ್ಟಿಟ್ಯೂಟ್, ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ದುಡಿಯುವ ಲೈಪ್ಜಿಗ್‌ನ ಇಸಿಪಿಎಂಎಫ್ ಮುಂತಾದ ಸಂಸ್ಥೆಗಳು ಸೇರಿ ನಡೆಸುವ ಯೋಜನೆ ಇದು. ತಂಡದಲ್ಲಿ ಕನಿಷ್ಠ ಎರಡು ದೇಶದವರು ಇರಬೇಕು. ಒಂದು ತನಿಖೆಗೆ 50 ಸಾವಿರ ಯೂರೋವರೆಗೆ ಕೊಟ್ಟದ್ದಿದೆ. ಸ್ವತಂತ್ರ ಪತ್ರಕರ್ತರಿಗೆ ಪ್ರತ್ಯೇಕ ವಿಭಾಗವೂ ಇದೆ. ನಿಯಮ ವರ್ಷ ವರ್ಷ ಬದಲಾಗುತ್ತದೆ, ಅರ್ಜಿ ಹಾಕುವ ಮುಂಚೆ ಆ ವರ್ಷದ್ದನ್ನೇ ಓದಿ.

ಬಜೆಟ್ ಬರೆಯುವಾಗ ಅನುವಾದ, ವಕೀಲರ ಓದು, ದಾಖಲೆ ಶುಲ್ಕ, ವಿಮೆ, ಈ ನಾಲ್ಕನ್ನು ಜನ ಮರೆಯುತ್ತಾರೆ. ದಿನಗೂಲಿ ಎಷ್ಟು ಅನ್ನುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಕೋಪನ್‌ಹೇಗನ್‌ನಲ್ಲಿ ಬಾಡಿಗೆ ಜಾಸ್ತಿ, ಬುಖಾರೆಸ್ಟ್‌ನಲ್ಲಿ ಕಡಿಮೆ, ಹಾಗಾಗಿ ಇವರಿಗೆ ಇಷ್ಟು ಅವರಿಗೆ ಅಷ್ಟು ಅನ್ನುವ ವಾದ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಒಂದೇ ಕೆಲಸಕ್ಕೆ ಒಂದೇ ಕೂಲಿ. ಹೊಲದವರ ಕೂಲಿ ಬಗ್ಗೆ ಬರೆಯುವವರು ನಾವು, ನಮ್ಮೊಳಗೇ ಎರಡು ದರ ಇಟ್ಟುಕೊಂಡರೆ ಯಾವ ಮುಖ ಹೊತ್ತು ಬರೆಯುವುದು?

5. ಸುರಕ್ಷತೆ, ಮೊದಲ ದಿನದಿಂದಲೇ

ತಂಡದ ಸುರಕ್ಷತೆ ಅದರಲ್ಲಿ ಅತಿ ಕಡಿಮೆ ಎಚ್ಚರ ಇರುವವರಷ್ಟೇ. ನೀವು ಎಷ್ಟು ಬೀಗ ಹಾಕಿದರೂ ಜೊತೆಗಾರರು ಮಾಮೂಲಿ ಈಮೇಲ್‌ನಲ್ಲಿ ದಾಖಲೆ ಕಳಿಸಿದರೆ ಮುಗಿಯಿತು. ಮೊದಲ ಕರೆಯಲ್ಲೇ ಇದನ್ನು ಮಾತಾಡಿ. ಸಂದೇಶಕ್ಕೆ ಸಿಗ್ನಲ್ ಆ್ಯಪ್ ಬಳಸಿ, ಅದರಲ್ಲಿ ತಾನಾಗಿ ಅಳಿಯುವ ವ್ಯವಸ್ಥೆ ಹಾಕಿ. ಲ್ಯಾಪ್‌ಟಾಪಿನ ಡಿಸ್ಕ್ ಇಡೀ ಗೂಢಲಿಪಿಯಲ್ಲಿರಲಿ. ಫೋನಿಗೆ ಬಂದ ಅಪ್‌ಡೇಟ್ ಮುಂದೂಡಬೇಡಿ. ಹಂಗೇರಿಯ ಡೈರೆಕ್ಟ್36ರ ಪತ್ರಕರ್ತ ಸಾಬೋಲ್ಚ್ ಪಾನ್ಯಿ ಅವರ ಫೋನಿನೊಳಗೆ 2019ರಲ್ಲಿ ಪೆಗಾಸಸ್ ಎಂಬ ಬೇಹುಗಾರಿಕೆಯ ತಂತ್ರಾಂಶ ಹೊಕ್ಕಿತ್ತು ಅಂತ 2021ರಲ್ಲಿ ಬಯಲಾಯಿತು. ಫೋನೊಳಗೇ ಕೂತು ನೋಡುವವರ ಮುಂದೆ ಸಿಗ್ನಲ್ ಕೂಡ ಸಹಾಯ ಮಾಡುವುದಿಲ್ಲ. ಹಾಗಾಗಿ ತೀರಾ ಸೂಕ್ಷ್ಮದ ಮಾತು ಮುಖಾಮುಖಿಯೇ ಆಗಲಿ, ಫೋನ್ ಇನ್ನೊಂದು ಕೋಣೆಯಲ್ಲಿರಲಿ.

ಮಾಹಿತಿ ಕೊಟ್ಟ ಮೂಲದವರ ಹೆಸರು ಗೊತ್ತಿರಲೇಬೇಕಾದವರಿಗೆ ಮಾತ್ರ ಗೊತ್ತಿರಲಿ. ಹೊರದೇಶದ ಗುಟ್ಟಿನ ಕಂಪನಿಗಳ ಮಾಲೀಕರನ್ನು ಬಯಲು ಮಾಡಿದ ಪನಾಮಾ ಪೇಪರ್ಸ್‌ನಲ್ಲಿ 1.15 ಕೋಟಿ ದಾಖಲೆಗಳನ್ನು ಮ್ಯೂನಿಕ್‌ನ ಜ್ಯೂಡ್‌ಡಾಯ್ಚ ತ್ಸೈಟುಂಗ್ ಪತ್ರಿಕೆಗೆ ಕೊಟ್ಟವರು ಯಾರು ಅಂತ ಪಡೆದ ಪತ್ರಕರ್ತರಿಗೇ ಗೊತ್ತಿರಲಿಲ್ಲ. ಸುಮಾರು 80 ದೇಶಗಳ 370ಕ್ಕೂ ಹೆಚ್ಚು ಪತ್ರಕರ್ತರು ತಿಂಗಳುಗಟ್ಟಲೆ ಕೆಲಸ ಮಾಡಿದರು, ಗುಟ್ಟು ಬಿಡಲಿಲ್ಲ. ಐಸ್‌ಲೆಂಡ್‌ನ ಯೊಹಾನ್ನೆಸ್ ಕ್ರಿಸ್ಚಾನ್ಸನ್ ಮನೆಯಲ್ಲಿ ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಅಂಟಿಸಿಕೊಂಡು ತಮ್ಮ ದೇಶದ ಪ್ರಧಾನಿಯ ದಾಖಲೆ ಓದುತ್ತಿದ್ದರು. ಐಸ್‌ಲೆಂಡ್ ಚಿಕ್ಕ ದೇಶ, ಎಲ್ಲರಿಗೂ ಎಲ್ಲರೂ ಗೊತ್ತು. ತಮ್ಮ ಊರಿನವರ ಜೊತೆ ಒಂದು ಮಾತೂ ಆಡುವ ಹಾಗಿಲ್ಲ, ಆದರೆ ಹೊರದೇಶದ ನೂರಾರು ಜನರ ಜೊತೆ ಹಂಚಿಕೊಳ್ಳಬಹುದು. ಆ ಒಂಟಿತನ ಎಂಥದ್ದು ಅಂತ ಯೋಚಿಸಿ. ಜೊತೆಗಾರರಿಗೆ ಸುಮ್ನೆ ಒಂದು ಫೋನ್ ಮಾಡಿ 'ಊಟ ಆಯ್ತಾ' ಅಂತ ಕೇಳುವುದೂ ಸುರಕ್ಷತೆಯ ಭಾಗವೇ.

ಬೆದರಿಕೆ ಇದೆ ಅನ್ನಿಸಿದರೆ ಸಾಮಗ್ರಿಯ ಒಂದು ಪ್ರತಿ ದೇಶದ ಹೊರಗೆ ಇಡಿ. ಪ್ಯಾರಿಸ್‌ನ ಫರ್ಬಿಡನ್ ಸ್ಟೋರೀಸ್ ಇದಕ್ಕೆಂದೇ ವ್ಯವಸ್ಥೆ ಮಾಡಿದೆ. ಕೊಲೆಯಾದ, ಜೈಲಿಗೆ ಹೋದ ಪತ್ರಕರ್ತರ ಕೆಲಸವನ್ನು ಮುಂದುವರಿಸಲೆಂದು 2017ರಲ್ಲಿ ಹುಟ್ಟಿದ ಸಂಸ್ಥೆ ಅದು. ಮಾಲ್ಟಾದಲ್ಲಿ 2017ರ ಅಕ್ಟೋಬರ್ 16ರಂದು ಕಾರ್ ಬಾಂಬಿಗೆ ಬಲಿಯಾದ ಡಾಫ್ನೆ ಕರುವಾನಾ ಗಲೀಟ್ಸಿಯಾ ಅವರ ಕೆಲಸವನ್ನು 15 ದೇಶಗಳ 45 ಪತ್ರಕರ್ತರು ಕೈಗೆತ್ತಿಕೊಂಡರು. ಕನ್ನಡಿಗರಿಗೆ ಈ ಸಂಸ್ಥೆ ಹತ್ತಿರದ್ದು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆ ಬಾಗಿಲಲ್ಲೇ ಕೊಲೆಯಾದ ಗೌರಿ ಲಂಕೇಶ್ ತಮ್ಮ ಕೊನೆಯ ಸಂಪಾದಕೀಯ ಬರೆದದ್ದು ಸುಳ್ಳು ಸುದ್ದಿಯ ಬಗ್ಗೆ. ಅಲ್ಲಿಂದಲೇ ಎಳೆ ಹಿಡಿದು, 30 ಮಾಧ್ಯಮಗಳ ಸುಮಾರು 100 ಪತ್ರಕರ್ತರು ಸುಳ್ಳು ಸುದ್ದಿಯನ್ನೇ ದಂಧೆ ಮಾಡಿಕೊಂಡವರ ಬೆನ್ನು ಹತ್ತಿ 2023ರ ಫೆಬ್ರವರಿಯಲ್ಲಿ ಬರೆದರು. ಕನ್ನಡದಲ್ಲಿ ಬರೆದ ಒಂದು ಪುಟ ಯುರೋಪಿನ ಪತ್ರಿಕೆಗಳ ಮುಖಪುಟದವರೆಗೆ ನಡೆದುಹೋಯಿತು.

6. ದಾಖಲೆ ತೆಗೆಸುವುದು

ನಮ್ಮಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ರೂಢಿ ಇರುವವರಿಗೆ ಇದು ಮನೆ ಅಂಗಳದ ಹಾಗೆ. ಆದರೆ ಇಲ್ಲಿ ಒಂದೊಂದು ದೇಶದ್ದು ಒಂದೊಂದು ಥರ. ಸ್ವೀಡನ್‌ನಲ್ಲಿ 1766ರಿಂದಲೇ ಸರ್ಕಾರಿ ಕಾಗದ ಜನರಿಗೆ ತೆರೆದಿದೆ. ಆಸ್ಟ್ರಿಯಾದಲ್ಲಿ ಮಾಹಿತಿ ಸ್ವಾತಂತ್ರ್ಯದ ಕಾಯ್ದೆ ಜಾರಿಗೆ ಬಂದದ್ದು 2025ರ ಸೆಪ್ಟೆಂಬರ್ 1ಕ್ಕೆ. ಸ್ಲೊವಾಕಿಯಾದಲ್ಲಿ 2011ರಿಂದ ಸರ್ಕಾರದ ಗುತ್ತಿಗೆ ಪತ್ರ ಅಂತರ್ಜಾಲದಲ್ಲಿ ಪ್ರಕಟವಾಗದ ಹೊರತು ಊರ್ಜಿತವೇ ಆಗುವುದಿಲ್ಲ.

ಇದನ್ನೇ ತಂಡದ ಬಲ ಮಾಡಿಕೊಳ್ಳಬೇಕು. ಒಂದು ದೇಶ ಮುಚ್ಚಿಟ್ಟ ಪತ್ರ ಇನ್ನೊಂದು ದೇಶದ ಕಡತದಲ್ಲಿ ಇರುತ್ತದೆ. ಎರಡು ಸಚಿವಾಲಯಗಳ ನಡುವೆ ಪತ್ರ ಓಡಾಡಿದೆಯಾ? ಹಾಗಿದ್ದರೆ ಎರಡೂ ಕಡೆ ಒಂದೇ ವಾರದಲ್ಲಿ ಅರ್ಜಿ ಹಾಕಿ. ಒಂದು ಕಡೆ ಕಪ್ಪು ಬಳಿದು ಕೊಟ್ಟ ಸಾಲು ಇನ್ನೊಂದು ಕಡೆ ತೆರೆದೇ ಬರಬಹುದು. ಎರಡು ಪ್ರತಿ ಪಕ್ಕ ಪಕ್ಕ ಇಟ್ಟು ನೋಡಿದಾಗ ಏನನ್ನು ಬಚ್ಚಿಟ್ಟಿದ್ದಾರೆ ಅನ್ನುವುದೇ ಒಂದು ಸುದ್ದಿ.

ಯುರೋಪಿಯನ್ ಒಕ್ಕೂಟದ ಸಂಸ್ಥೆಗಳಿಗಾದರೆ 2001ರ 1049ನೇ ನಿಯಮ. ಒಕ್ಕೂಟದ ನಾಗರಿಕರಷ್ಟೇ ಅಲ್ಲ, ಅಲ್ಲಿ ವಾಸವಾಗಿರುವ ಯಾರು ಬೇಕಾದರೂ ಕೇಳಬಹುದು. ಅಂದರೆ ಅಲ್ಲಿ ನೆಲೆಸಿರುವ ಕನ್ನಡಿಗರೂ ಕೇಳಬಹುದು. 24 ಅಧಿಕೃತ ಭಾಷೆಗಳಲ್ಲಿ ಯಾವುದರಲ್ಲಾದರೂ ಬರೆಯಬಹುದು. 15 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು, ಇನ್ನೊಂದು 15 ಕೆಲಸದ ದಿನ ಅವರು ಮುಂದೂಡಬಹುದು. ಕೊಡುವುದಿಲ್ಲ ಅಂದರೆ 15 ಕೆಲಸದ ದಿನಗಳೊಳಗೆ ಮರುಪರಿಶೀಲನೆ ಕೇಳಿ. ಆ ಗಡುವು ತಪ್ಪಿಸಿಕೊಂಡರೆ ಮೊದಲಿಂದ ಶುರು. ಪರಿಸರದ ವಿಷಯವಾದರೆ ಓರ್ಹುಸ್ ಒಪ್ಪಂದದ ಹೆಸರು ಹೇಳಿ ಕೇಳಿ, ಕೊಡದೇ ಇರಲು ಅವರಿಗೆ ನೆಪ ಕಡಿಮೆ.

ಅರ್ಜಿ ಚಿಕ್ಕದಿರಲಿ. 'ಎಲ್ಲಾ ದಾಖಲೆ ಕೊಡಿ' ಅಂದರೆ ಏನೂ ಬರುವುದಿಲ್ಲ. ಯಾವ ವಿಭಾಗ, ಯಾವ ತಿಂಗಳಿಂದ ಯಾವ ತಿಂಗಳು, ಯಾವ ವಿಷಯ ಅಂತ ಹೇಳಿ. ಒಂದೇ ಅರ್ಜಿಯನ್ನು ಎಲ್ಲ ದೇಶಕ್ಕೂ ಅನುವಾದಿಸಿ ಕಳಿಸಬೇಡಿ, ಆಯಾ ದೇಶದ ಜೊತೆಗಾರರು ಅಲ್ಲಿನ ಕಚೇರಿಯ ಭಾಷೆಯಲ್ಲಿ ತಾವೇ ಬರೆಯಲಿ. ಇನ್ನೊಂದು ಎಚ್ಚರ. ಅರ್ಜಿ ಹಾಕಿದ ಕ್ಷಣದಿಂದ ನೀವು ಏನು ಹುಡುಕುತ್ತಿದ್ದೀರಿ ಅಂತ ಆ ಕಚೇರಿಗೆ ಗೊತ್ತು. ಸೂಕ್ಷ್ಮದ ತನಿಖೆಯಾದರೆ ಯಾವಾಗ, ಯಾರ ಹೆಸರಲ್ಲಿ ಕೇಳಬೇಕು ಅಂತ ತಂಡ ಸೇರಿ ತೀರ್ಮಾನಿಸಿ.

ಕಂಪನಿ ದಾಖಲೆಗೆ ಬ್ರಿಟನ್ನಿನ ಕಂಪನೀಸ್ ಹೌಸ್ ಉಚಿತ, ಜರ್ಮನಿಯ ನೋಂದಣಿಯೂ 2022ರ ಆಗಸ್ಟ್‌ನಿಂದ ಉಚಿತ. ಕಂಪನಿಯ ಹಿಂದಿನ ನಿಜವಾದ ಮಾಲೀಕರು ಯಾರು ಅನ್ನುವ ಪಟ್ಟಿ ಮಾತ್ರ ಕಷ್ಟವಾಯಿತು. 2022ರ ನವೆಂಬರ್ 22ರಂದು ಒಕ್ಕೂಟದ ನ್ಯಾಯಾಲಯ ಅದನ್ನು ಎಲ್ಲರಿಗೂ ತೆರೆದಿಡುವುದು ಸರಿಯಲ್ಲ ಅಂದಿತು, ಹಲವು ದೇಶಗಳು ಬಾಗಿಲು ಹಾಕಿಕೊಂಡವು. ಪತ್ರಕರ್ತರು ಕಾರಣ ತೋರಿಸಿ ಕೇಳಿದರೆ ಕೊಡಬೇಕು ಅಂತ ಆಮೇಲೆ ನಿಯಮ ಬಂದಿದೆ. ಓಸಿಸಿಆರ್‌ಪಿಯ ಅಲೆಫ್‌ನಲ್ಲೂ ಒಮ್ಮೆ ಹುಡುಕಿ. ಎಷ್ಟೋ ದೇಶಗಳ ನೋಂದಣಿ ಪಟ್ಟಿಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ.

7. ಎಲ್ಲರ ಮಾಹಿತಿಯನ್ನು ಒಂದೇ ಹಾಳೆಗೆ ತರುವುದು

ನಮ್ಮ ಆಸ್ಪರಾಗಸ್ ತನಿಖೆಯಲ್ಲಿ ಕೂಲಿ ಚೀಟಿಗಳನ್ನು ಸ್ಪ್ರೆಡ್‌ಶೀಟಿಗೆ ಹಾಕುತ್ತಿದ್ದೆವು. ಒಂದು ರಾತ್ರಿ ಒಬ್ಬರ ತಿಂಗಳ ಕೂಲಿ ಒಂದೂವರೆ ಯೂರೋ ಅಂತ ಕಾಣಿಸಿತು. ನನ್ನ ಎದೆ ಹೊಡೆದುಕೊಂಡಿತು, ಎಂಥ ಅನ್ಯಾಯ ಅಂತ. ಆಮೇಲೆ ಚೀಟಿ ತೆಗೆದು ನೋಡಿದರೆ 1.500 ಅಂತ ಇತ್ತು. ಜರ್ಮನಿಯಲ್ಲಿ, ರೊಮೇನಿಯಾದಲ್ಲಿ ಸಾವಿರಕ್ಕೆ ಚುಕ್ಕಿ ಇಡುತ್ತಾರೆ, ಪೈಸೆಗೆ ಅಲ್ಪವಿರಾಮ. ಇಂಗ್ಲಿಷ್ ರೂಢಿಯಲ್ಲಿದ್ದ ನನ್ನ ಕಂಪ್ಯೂಟರ್ ಅದನ್ನು ಒಂದೂವರೆ ಅಂತ ಓದಿತ್ತು. ಹಾಗೇ ಪ್ರಕಟವಾಗಿದ್ದರೆ ಆ ಕೂಲಿಯವರ ಉಳಿದ ನಿಜವಾದ ದೂರನ್ನೂ ಯಾರೂ ನಂಬುತ್ತಿರಲಿಲ್ಲ.

ಹಾಗಾಗಿ ಹಾಳೆ ತೆರೆದ ದಿನವೇ ನಿಯಮ ಬರೆದಿಡಿ. ಅಂಕಿ ಹೇಗೆ, ತಾರೀಕು ಹೇಗೆ, ಹಣ ಯಾವ ದಿನದ ವಿನಿಮಯ ದರದಲ್ಲಿ. ಪ್ರತಿ ಸಾಲಿನ ಪಕ್ಕ ಮೂಲ ದಾಖಲೆಯ ಗುರುತು, ಯಾರು ತುಂಬಿದರು, ಯಾರು ಎರಡನೇ ಸಲ ನೋಡಿದರು ಅನ್ನುವುದು ಇರಲಿ. ತುಂಬಿದವರೇ ಪರೀಕ್ಷಿಸಬಾರದು.

ಹೆಸರುಗಳು ಇನ್ನೂ ದೊಡ್ಡ ತಲೆನೋವು. ಲಕ್ಷ್ಮಿ ಅನ್ನುವ ಹೆಸರನ್ನು ನಮ್ಮವರು ಇಂಗ್ಲಿಷಿನಲ್ಲಿ ನಾಲ್ಕಾರು ಥರ ಬರೆಯುತ್ತಾರಲ್ವಾ, ಹಾಗೇ ಬಲ್ಗೇರಿಯಾ, ಗ್ರೀಸ್ ಹೆಸರುಗಳೂ ಲಿಪಿ ಬದಲಾದಾಗ ವೇಷ ಬದಲಿಸುತ್ತವೆ. ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು. ಚೆಕ್, ಸ್ಲೊವಾಕ್ ಹೆಂಗಸರ ಮನೆತನದ ಹೆಸರು ಸಾಮಾನ್ಯವಾಗಿ 'ಓವಾ' ಅಂತ ಮುಗಿಯುತ್ತದೆ. ಗಂಡನ ಹೆಸರು ಕುಶ್ನೀರ್ ಆದರೆ ಹೆಂಡತಿಯದು ಕುಶ್ನಿರೋವಾ. ಗಂಡನ ಹೆಸರನ್ನೇ ಹುಡುಕಿದರೆ ಹೆಂಡತಿಯ ಹೆಸರಿನಲ್ಲಿರುವ ಕಂಪನಿ ತಪ್ಪಿಹೋಗುತ್ತದೆ. ಅದಕ್ಕೇ ಆ ಭಾಷೆ ಆಡಿಕೊಂಡು ಬೆಳೆದವರು ತಂಡದಲ್ಲಿ ಬೇಕು. ಯಂತ್ರದ ಅನುವಾದ ಅಲ್ಲಿಯವರೆಗೆ ಬರುವುದಿಲ್ಲ.

ಹಾಳೆ ಚೆನ್ನಾಗಿದ್ದರೆ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಒಂದು ಉದಾಹರಣೆ. 2023ರ ಫೆಬ್ರವರಿಯಲ್ಲಿ ಲ ಮೋಂದ್ ಮತ್ತು ಹಲವು ದೇಶಗಳ ಜೊತೆಗಾರರು ಯುರೋಪಿನ ನಕ್ಷೆಯೊಂದನ್ನು ಹೊರತಂದರು. ನಾನ್‌ಸ್ಟಿಕ್ ಬಾಣಲೆಯಂಥ ವಸ್ತುಗಳಲ್ಲಿ ಬಳಸುವ, ಕೊಳೆತುಹೋಗದ ಪಿಎಫ್‌ಎಎಸ್ ರಾಸಾಯನಿಕ ಮಣ್ಣು, ನೀರಿಗೆ ಸೇರಿರುವ 17 ಸಾವಿರಕ್ಕೂ ಹೆಚ್ಚು ಜಾಗ ಅದರಲ್ಲಿದ್ದವು. ಅಂಥ ಪೂರ್ತಿ ನಕ್ಷೆ ಯಾವ ಸರ್ಕಾರದ ಬಳಿಯೂ ಇರಲಿಲ್ಲ. ವಿಜ್ಞಾನಿಗಳು ವಿಧಾನವನ್ನು ಪರೀಕ್ಷಿಸಿದ ಮೇಲೇ ಪ್ರಕಟಿಸಿದರು, ಮಾಹಿತಿಯನ್ನು ಬೇರೆ ಪತ್ರಕರ್ತರಿಗೂ ಬಿಟ್ಟುಕೊಟ್ಟರು. ಊರೂರಿನ ಪತ್ರಿಕೆಗಳು ತಮ್ಮೂರ ಬಾವಿಯ ಸುದ್ದಿಯನ್ನು ಅದರಿಂದ ಬರೆದುಕೊಂಡವು.

8. ಪ್ರಶ್ನೆ ಕೇಳುವುದು, ಕಾನೂನು ನೋಡಿಕೊಳ್ಳುವುದು

ಆರೋಪ ಹೊತ್ತವರಿಗೆ ಉತ್ತರ ಕೊಡಲು ಸಮಯ ಕೊಡಲೇಬೇಕು. ಎಲ್ಲ ದೇಶದವರೂ ಒಂದೇ ದಿನ ಪ್ರಶ್ನೆ ಕಳಿಸಿ. ಒಬ್ಬರು ಮೊದಲೇ ಕೇಳಿದರೆ ಸುದ್ದಿ ಹಬ್ಬುತ್ತದೆ, ದಾಖಲೆ ಮಾಯವಾಗುತ್ತದೆ. ಪ್ರಶ್ನೆಗಳ ಪಟ್ಟಿ ಒಟ್ಟಿಗೆ ಕೂತು ಬರೆಯಿರಿ, ಉತ್ತರ ಬಂದಾಗ ಎಲ್ಲರಿಗೂ ಪೂರ್ತಿ ಹಂಚಿ.

ಪದ್ಧತಿಗಳ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಜರ್ಮನಿಯಲ್ಲಿ ಸಂದರ್ಶನ ಕೊಟ್ಟವರಿಗೆ ಅವರ ಮಾತನ್ನು ಪ್ರಕಟಣೆಗೆ ಮುಂಚೆ ತೋರಿಸಿ ಒಪ್ಪಿಗೆ ಪಡೆಯುವ ರೂಢಿ ಇದೆ. ಬ್ರಿಟನ್ನಿನ ಪತ್ರಕರ್ತರು ಅದನ್ನು ಒಪ್ಪುವುದೇ ಇಲ್ಲ. ಜರ್ಮನಿ, ಸ್ವೀಡನ್‌ಗಳಲ್ಲಿ ಆರೋಪಿಯ ಹೆಸರು ಹಾಕುವ ಮುಂಚೆ ಬಹಳ ಯೋಚಿಸುತ್ತಾರೆ, ಬೇರೆ ಕಡೆ ಸಲೀಸಾಗಿ ಹಾಕುತ್ತಾರೆ. ಒಂದು ದೇಶದಲ್ಲಿ ಹೆಸರು ಬಂದ ಮೇಲೆ ಇನ್ನೊಂದು ದೇಶದಲ್ಲಿ ಮುಚ್ಚಿಟ್ಟು ಏನು ಬಂತು? ಹಾಗಾಗಿ ಅತಿ ಬಿಗಿಯಾದ ನಿಯಮವನ್ನೇ ಎಲ್ಲರೂ ಪಾಲಿಸುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಮೊಕದ್ದಮೆಯ ಭಯ ದೊಡ್ಡದು. ಡಾಫ್ನೆ ಸಾಯುವಾಗ ಅವರ ಮೇಲೆ 40ಕ್ಕೂ ಹೆಚ್ಚು ಮಾನಹಾನಿ ಕೇಸುಗಳಿದ್ದವು. ಬಾಯಿ ಮುಚ್ಚಿಸಲೆಂದೇ ಹಾಕುವ ಇಂಥ ಕೇಸುಗಳ ವಿರುದ್ಧ 2024ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ನಿರ್ದೇಶನ ತಂದಿತು. ಜನ ಅದನ್ನು ಡಾಫ್ನೆ ಕಾನೂನು ಅಂತಲೇ ಕರೆಯುತ್ತಾರೆ. ಹುರುಳಿಲ್ಲದ ಕೇಸನ್ನು ಬೇಗ ವಜಾ ಮಾಡಬಹುದು, ಹಾಕಿದವರಿಂದಲೇ ಖರ್ಚು ವಸೂಲಿ ಮಾಡಬಹುದು. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ಸೇರಿಸಲು ಕೊಟ್ಟ ಗಡುವು 2026ರ ಮೇ 7. ಆದರೆ ಅದು ಗಡಿ ದಾಟಿದ ಸಿವಿಲ್ ಕೇಸುಗಳಿಗೆ ಮಾತ್ರ.

ಖಾಸಗಿ ಮಾಹಿತಿ ರಕ್ಷಣೆಯ ನಿಯಮವನ್ನೂ ಪತ್ರಕರ್ತರ ಮೇಲೆ ತಿರುಗಿಸುವುದುಂಟು. 2018ರಲ್ಲಿ ರೊಮೇನಿಯಾದ ರೈಸ್ ಪ್ರಾಜೆಕ್ಟ್ ಎಂಬ ತನಿಖಾ ತಂಡಕ್ಕೆ ಅಲ್ಲಿನ ಮಾಹಿತಿ ರಕ್ಷಣೆಯ ಪ್ರಾಧಿಕಾರ ಮೂಲ ಯಾವುದು ಹೇಳಿ ಅಂತ ಕೇಳಿ, 2 ಕೋಟಿ ಯೂರೋವರೆಗಿನ ದಂಡದ ಮಾತೆತ್ತಿತ್ತು. ಆ ನಿಯಮದ 85ನೇ ವಿಧಿಯಲ್ಲಿ ಪತ್ರಿಕಾ ಕೆಲಸಕ್ಕೆ ವಿನಾಯಿತಿ ಇದೆ, ಎಷ್ಟು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ವಕೀಲರಿಗೆ ದುಡ್ಡಿಲ್ಲ ಅನ್ನುವವರು ಲೈಪ್ಜಿಗ್‌ನ ಇಸಿಪಿಎಂಎಫ್‌ಗೆ, ಲಂಡನ್ನಿನ ಮೀಡಿಯಾ ಡಿಫೆನ್ಸ್‌ಗೆ ಬರೆಯಿರಿ. ಕೇಸು ಬಿದ್ದ ಮೇಲಲ್ಲ, ಅದಕ್ಕೂ ಮುಂಚೆ.

9. ಪ್ರಕಟಣೆ, ಆಮೇಲೆ

ಒಂದೇ ವರದಿಯನ್ನು ಅನುವಾದಿಸಿ ಎಲ್ಲ ಕಡೆ ಹಾಕಬೇಡಿ. ಸತ್ಯಾಂಶ ಒಂದೇ ಇರಲಿ, ಕತೆ ಆಯಾ ಊರಿನದಾಗಿರಲಿ. ಜರ್ಮನಿಯ ಓದುಗರಿಗೆ ನಾನು ತರಕಾರಿ ಅಂಗಡಿಯಿಂದ ಶುರು ಮಾಡಿದೆ. ರೊಮೇನಿಯಾದ ಗೆಳತಿ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತ ಹೆಂಗಸಿನಿಂದ ಶುರು ಮಾಡಿದರು. ಸತ್ಯಾಂಶಗಳ ಒಂದು ಪಟ್ಟಿ ಎಲ್ಲರ ಬಳಿ ಇತ್ತು. ಅದರಲ್ಲಿ ಇಲ್ಲದ ಅಂಕಿ ಯಾರೂ ಬಳಸುವ ಹಾಗಿರಲಿಲ್ಲ. ಗಂಟೆಯನ್ನೂ ಈ ಸಲ ಬರೆದಿಟ್ಟಿದ್ದೆವು. ಮಾತಾಡಿದ ಕೂಲಿಯವರಿಗೆ ವರದಿಯನ್ನು ಅವರ ಭಾಷೆಯಲ್ಲೇ ಕಳಿಸಿದೆವು. ಅದನ್ನು ಎಷ್ಟೋ ತಂಡಗಳು ಮರೆಯುತ್ತವೆ.

ಪ್ರಕಟವಾದ ವಾರವೇ ಒಂದು ಕರೆ ಇಟ್ಟುಕೊಳ್ಳಿ. ಯಾರಿಗೆ ಬೆದರಿಕೆ ಬಂತು, ಎಲ್ಲಿ ತಪ್ಪಾಯಿತು, ಯಾವ ದಾಖಲೆ ಉಳಿಸಬೇಕು, ಯಾವುದು ಅಳಿಸಬೇಕು. ಫ್ರಾನ್ಸ್‌ನಲ್ಲಿ ಮಾನಹಾನಿಗೆ ಕೇಸು ಹಾಕಲು ಪ್ರಕಟಣೆಯಿಂದ ಮೂರು ತಿಂಗಳ ಗಡುವು, ಬೇರೆ ದೇಶಗಳಲ್ಲಿ ಇನ್ನೂ ಜಾಸ್ತಿ. ಅಷ್ಟು ಕಾಲ ಟಿಪ್ಪಣಿ, ಧ್ವನಿಮುದ್ರಣ ಜೋಪಾನವಾಗಿರಲಿ.

ನಮ್ಮ ಮೂವರ ಗುರುವಾರದ ಕರೆ ನಿಂತಿಲ್ಲ. ಕಳೆದ ವಾರ ರೊಮೇನಿಯಾದ ಗೆಳತಿ ಒಂದು ಕೂಲಿ ಚೀಟಿಯ ಫೋಟೋ ಕಳಿಸಿದರು. ಬೇರೆ ಹೊಲದ್ದು. ಮನೆ ಬಾಡಿಗೆ ಅಂತ ಒಂದೇ ತಿಂಗಳಲ್ಲಿ ಎರಡು ಸಲ ಕಳೆದಿದ್ದಾರೆ. ಹಾಳೆಯಲ್ಲಿ ಹೊಸ ಸಾಲು ತೆರೆದಿದ್ದೇನೆ, ಎರಡನೇ ಸಲ ನೋಡುವವರ ಹೆಸರಿನ ಜಾಗ ಇನ್ನೂ ಖಾಲಿ ಇದೆ.